ಮಳೆ ಬರುವ ತನಕ ಬಂಗಾರದ ಮುನಿಯಾ

ಮಾರ್ಚ್ 4, 1974, ಸೋಮವಾರ

ಈ ಡೈರಿಯನ್ನು ವಿಮಾ ಏಜೆಂಟನೊಬ್ಬ ಜನವರಿಯಲ್ಲೇ ಕೊಟ್ಟಿದ್ದ. ಇಷ್ಟು ದಿನ ಹೆಂಡತಿ ಗಂಗುಬಾಯಿ ಇದರ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದಳು. ಇಂದಿನಿಂದ ನಾನು ಬರೆಯುತ್ತೇನೆ. ಇಂದು ನಡೆದದ್ದನ್ನು ಅವಳಿಗೆ ಹೇಳುವಂತಿಲ್ಲ, ಹೇಳದೆ ಇರುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ.

ಬಾಂದ್ರಾದ ಈ ಟೂರ್ ಕಂಪನಿಯ ಬಸ್ಸಿನಲ್ಲಿ ಹದಿನೆಂಟು ವರ್ಷ ಮೈಕ್ ಹಿಡಿದು ಊರಿಗೆಲ್ಲ ಮುಂಬಯಿ ತೋರಿಸಿದವನು ನಾನು, ಬಸವಂತರಾಯ. ಗೇಟ್‌ವೇ ಆಫ್ ಇಂಡಿಯಾ ಮುಂದೆ ನಿಂತು ನಾನು ಮಾತು ಶುರು ಮಾಡಿದರೆ ಕಡಲೆಕಾಯಿ ಮಾರುವವರು ಕೂಡ ಕೂಗುವುದನ್ನು ನಿಲ್ಲಿಸುತ್ತಿದ್ದರು. ಇಂದು ಮಾಲೀಕ ಝಮಟಮಲ್ ಸೇಠರು ಆ ಮೈಕನ್ನು ತೆಗೆದು ಮಿಸ್ ಡಿಮೆಲ್ಲೊ ಕೈಗೆ ಕೊಟ್ಟರು. ಆಕೆಗೆ ಇಪ್ಪತ್ತೆರಡು ವರ್ಷ. ಆಕೆಯ ಇಂಗ್ಲಿಷ್ ನನ್ನದಕ್ಕಿಂತ ವೇಗ, ನನ್ನದರಲ್ಲಿ ಅರ್ಥ ಹೆಚ್ಚು. ಈಗಿನವರಿಗೆ ವೇಗವೇ ಬೇಕು.

ನನಗೇನು ಉಳಿಯಿತು? "ರಾವ್‌ಸಾಹೇಬ್, ಫ್ಯಾಶನ್ ಬದಲ್ ಗಯಾ. ಲೋಗ್ ಅಬ್ ಪಂಛೀ ದೇಖನಾ ಮಾಂಗತಾ ಹೈ" ಎಂದರು ಸೇಠರು. ಇನ್ನು ಮೇಲೆ ಪ್ರತಿ ಭಾನುವಾರ ಬೆಳಗಿನ ಜಾವ ಜನರನ್ನು ಬೋರಿವಲಿಯ ನ್ಯಾಷನಲ್ ಪಾರ್ಕಿನ ಕಾಡಿಗೆ ಕರೆದೊಯ್ದು ಹಕ್ಕಿ ತೋರಿಸಬೇಕಂತೆ. "ಬಾರಿಶ್ ತಕ್ ದೇಖೇಂಗೆ. ಗಾಡಿ ಭರೀ ತೋ ಠೀಕ್, ನಹೀಂ ತೋ ನಮಸ್ತೇ." ಅಂದರೆ ಮಳೆ ಬರುವ ತನಕ ಬಸ್ಸು ತುಂಬಿದರೆ ನೌಕರಿ, ಇಲ್ಲದಿದ್ದರೆ ಈ ಐವತ್ತೊಂದರ ವಯಸ್ಸಿನಲ್ಲಿ ನಾನು ಬೀದಿಪಾಲು.

ಹಕ್ಕಿ ಎಂದರೆ ನನಗೆ ಕಾಗೆ, ಗುಬ್ಬಿ, ಪಾರಿವಾಳ ಗೊತ್ತು. ಮನುಷ್ಯನಿಗೆ ಅಷ್ಟು ಸಾಕು.

ಮಾರ್ಚ್ 10, ಭಾನುವಾರ

ಮೊದಲ ಟೂರು ಮುಗಿಯಿತು, ನಾನೂ ಅರ್ಧ ಮುಗಿದೆ.

ಕಾಡಿನ ಗೇಟು ದಾಟಿದ ಕೂಡಲೇ ಸ್ವಾಗತ ಭಾಷಣ ಶುರು ಮಾಡಿದೆ. ಮೈಕ್ ಇಲ್ಲದ್ದರಿಂದ ಸ್ವಲ್ಪ ಏರುದನಿಯಲ್ಲೇ ಮಾಡಿದೆ. ದಾದರಿನ ಡಾಕ್ಟರ್ ಫಡಕೆ ಎಂಬವರು ತುಟಿಗೆ ಬೆರಳಿಟ್ಟು, "ಶ್ಶ್! ಅಹೋ, ತೋಂಡ್ ಬಂದ್ ಕರಾ!" ಎಂದು ಗದರಿದರು. ಅವರು ಹಲ್ಲಿನ ಡಾಕ್ಟರು. ಜೀವನವಿಡೀ ಜನರ ಬಾಯಿ ತೆರೆಸಿಯೇ ಉಂಡವರು ನನ್ನ ಬಾಯಿ ಮುಚ್ಚಿಸಿದರು. ತಲೆಗೆ ಖಾಕಿ ಟೋಪಿ, ಕೊರಳಲ್ಲಿ ದುರ್ಬೀನು, ಬಗಲಲ್ಲಿ ಹಕ್ಕಿಗಳ ದಪ್ಪ ಪುಸ್ತಕ.

ಹಕ್ಕಿ ಒಂದೂ ಕಾಣಲಿಲ್ಲ. ನನ್ನ ಭಾಷಣ ಕೇಳಿ ಎದ್ದು ಹೋಗಿದ್ದವು ಎಂದು ಡಾಕ್ಟರು ಹೇಳುತ್ತಾರೆ. ಕಂಡದ್ದು ಮಂಗಗಳು ಮಾತ್ರ, ಅವು ಎಲ್ಲರ ಸ್ಯಾಂಡ್‌ವಿಚ್ ತಿಂದವು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅದೂ ಡಾಕ್ಟರ ಅಪ್ಪಣೆಯೋ ಏನೋ.

ಹೀಗಾದರೆ ಮಳೆಯತನಕ ಅಲ್ಲ, ಹೋಳಿಯ ಬಣ್ಣ ಬಟ್ಟೆಯಿಂದ ಹೋಗುವ ತನಕವೂ ನೌಕರಿ ಉಳಿಯುವುದಿಲ್ಲ.

ಮಾರ್ಚ್ 13, ಬುಧವಾರ

ಬುದ್ಧಿ ಯಾರಪ್ಪನ ಮನೆಯದು? ಉಪಾಯ ಸಿಕ್ಕಿತು.

ಕ್ರಾಫರ್ಡ್ ಮಾರ್ಕೆಟ್ಟಿನ ಹಿಂದೆ ಮಕ್ತುಮಸಾಬ ಪಂಜರದ ಹಕ್ಕಿ ಮಾರುತ್ತಾನೆ. ನಮ್ಮ ಕಡೆಯವನೇ, ಇಂಡಿ ತಾಲೂಕು, ಈಗ ಧಾರಾವಿಯಲ್ಲಿ ಮನೆ. ಅವನ ಗಿರಾಕಿಗಳು ಹೆಚ್ಚಾಗಿ ಪುಣ್ಯ ಮಾಡುವವರು. ಹಬ್ಬ ಹುಣ್ಣಿಮೆಗೆ ಬಂದು ಹಕ್ಕಿ ಕೊಂಡು, ಅಲ್ಲೇ ಪಂಜರದ ಬಾಗಿಲು ತೆಗೆದು ಹಾರಿಬಿಟ್ಟು, ಕೈ ಮುಗಿದು ಹೋಗುತ್ತಾರೆ.

"ಮತ್ತ ಆ ಹಕ್ಕಿ ಎಲ್ಲಿ ಹೋಗ್ತಾವೋ?" ಎಂದು ಕೇಳಿದೆ.

"ಎಲ್ಲಿ ಹೋಗ್ತಾವ್ರೀ? ಜರಾ ಫಿರ್‌ಕೆ ವಾಪಸ್ ಬರ್ತಾವು, ಕಾಳು ಇಲ್ಲೇ ಐತಲ್ಲ. ಮತ್ತ ಹಿಡೀತೀನಿ. ಒಂದೊಂದು ಹಕ್ಕಿ ಹತ್ತು ಸೇಠಗೋಳಿಗೆ ಜನ್ನತ್ ತೋರಸೇದ."

ಕಾಡಿನಲ್ಲಿ ಬಿಡಲು ಒಂದು ಒಳ್ಳೆಯ ಹಕ್ಕಿ ಬೇಕು, ನೋಡಿದವರು ಹೌಹಾರಬೇಕು ಎಂದೆ. ಶನಿವಾರ ಬಾ ಎಂದ.

ಮಾರ್ಚ್ 17, ಭಾನುವಾರ

ಜಯವಾಯಿತು!

ಮಕ್ತುಮಸಾಬ ಕೊಟ್ಟದ್ದು ಒಂದು ಮುನಿಯಾ. ಗುಬ್ಬಿಗಿಂತ ಚಿಕ್ಕದು, ಆದರೆ ಮೈಯೆಲ್ಲ ಬಂಗಾರದ ಹಳದಿ, ರೆಕ್ಕೆ ಗಿಳಿಹಸಿರು. ನಾನು ಬಸ್ಸಿಗಿಂತ ಮೊದಲೇ ಕಾಡಿಗೆ ಹೋಗಿ ಅದನ್ನು ಒಂದು ಪೊದೆಯಲ್ಲಿ ಬಿಟ್ಟು, ಸುತ್ತ ನವಣೆ ಚೆಲ್ಲಿ, ಗೇಟಿನ ಹತ್ತಿರ ಬಂದು ನಿಂತೆ. ಪಂಜರದ ಹಕ್ಕಿ ಕಾಳು ಬಿಟ್ಟು ಎಲ್ಲಿ ಹೋದೀತು? ಜನ ಬಂದಾಗ ಅಲ್ಲೇ ಕುಳಿತಿತ್ತು.

ಡಾಕ್ಟರ್ ಫಡಕೆ ದುರ್ಬೀನು ಎತ್ತಿದವರು ಇಳಿಸಲೇ ಇಲ್ಲ. ಪುಸ್ತಕ ತಿರುವಿದರು, ಮತ್ತೆ ತಿರುವಿದರು. "ಪುಸ್ತಕದಲ್ಲಿ ಇಲ್ಲ!" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ನನಗೆ ನಗು ತಡೆಯುವುದು ಕಷ್ಟವಾಯಿತು. ನಾನು ತುಟಿಗೆ ಬೆರಳಿಟ್ಟು "ಶ್ಶ್" ಎಂದೆ.

ಮಾರ್ಚ್ 22, ಶುಕ್ರವಾರ

ಒಂದು ಇಂಗ್ಲಿಷ್ ಪೇಪರಿನಲ್ಲಿ ಡಾಕ್ಟರರ ಲೇಖನ ಬಂದಿದೆ. ಬೋರಿವಲಿ ಕಾಡಿನಲ್ಲಿ ಈವರೆಗೆ ಯಾರೂ ಕಾಣದ 'ಗೋಲ್ಡನ್ ಮುನಿಯಾ'. ಸೇಠರು ನನಗೆ ತಾವೇ ಚಹಾ ತರಿಸಿದರು. ಹದಿನೆಂಟು ವರ್ಷದಲ್ಲಿ ಮೊದಲನೇ ಸಲ. ಬಸ್ಸಿನ ಮೈಮೇಲೆ ಆ ಹಕ್ಕಿಯ ಚಿತ್ರ ಬರೆಸುತ್ತಿದ್ದಾರೆ, ಪೇಂಟರ್ ಅದನ್ನು ಕೋಳಿಯಷ್ಟು ದೊಡ್ಡದು ಮಾಡಿದ್ದಾನೆ. ಈ ಭಾನುವಾರಕ್ಕೆ ಸೀಟಿಲ್ಲ, ಬರುವ ಭಾನುವಾರಕ್ಕೂ ಇಲ್ಲ.

ಮಾರ್ಚ್ 29, ಶುಕ್ರವಾರ

ಆ ಹಕ್ಕಿ ಎಲ್ಲೋ ಮಾಯವಾಗಿದೆ. ಇನ್ನೊಂದು ಬೇಕಾಗಿ ಧಾರಾವಿಗೆ, ಮಕ್ತುಮಸಾಬನ ಮನೆಗೇ ಹೋದೆ. ಬಾಗಿಲಲ್ಲಿ ಅವನ ಹೆಂಡತಿ ಅಕ್ಬರಬಿ ಒಂದು ಬೋಗುಣಿಯಲ್ಲಿ ಹಳದಿ ನೀರು ಕಲಸುತ್ತಿದ್ದಳು. ಅರಿಶಿನವೋ ಎಂದುಕೊಂಡೆ. ಮಕ್ತುಮಸಾಬ ಬೂದುಗಂದು ಬಣ್ಣದ ಒಂದು ಬಡ ಹಕ್ಕಿಯನ್ನು ಹಿಡಿದು ಅದರಲ್ಲಿ ಅದ್ದಿದ. ರೆಕ್ಕೆಗೆ ಬ್ರಶ್ಶಿನಿಂದ ಹಸಿರು ಹಚ್ಚಿದ. ಆಮೇಲೆ ಊದಿ ಊದಿ ಒಣಗಿಸಿದ.

"ಏ, ಇದೇನೋ ಮಾರಾಯಾ!"

"ಬಾಜೂ ಕಾರ್ಖಾನೀದು, ಚಪ್ಪಲಿಗೆ ಹಚ್ಚೋ ರಂಗು. ಪುಣ್ಯ ಮಾಡೋರಿಗೂ ಖೂಬ್‌ಸೂರತ್ ಹಕ್ಕೀನ ಬೇಕ್ರೀ. ಕಂದು ಹಕ್ಕಿ ಬಿಟ್ರ ಪುಣ್ಯ ಕಮ್ತಿ ಬೀಳ್ತದಂತ ತಿಳ್ದಾರ." ಅವನಿಗೆ ನನ್ನ ಮುಖ ನೋಡಿ ಆಶ್ಚರ್ಯ. "ಯಾಕ್ರೀ ರಾಯರ? ನಿಮಗ ಗೊತ್ತಿಲ್ಲೇನು? ನಾ ತಿಳ್ದಿದ್ದೆ ನಿಮಗ ಗೊತ್ತಿದ್ದ ಕೇಳ್ತೀರಿ ಅಂತ."

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವನು ಹಳದಿ ಇದ್ದದ್ದನ್ನು ಬಂಗಾರ ಎಂದು ನಂಬಿದ್ದೆ. ಮನೆಗೆ ಬಂದು ಬಹಳ ಯೋಚಿಸಿದೆ. ಗೇಟ್‌ವೇ ಮುಂದೆ ನಾನು ಹೇಳುತ್ತಿದ್ದ ಇತಿಹಾಸಕ್ಕೂ ಬಣ್ಣ ಕಡಿಮೆಯೇನೂ ಇರಲಿಲ್ಲ. ಅದನ್ನು ಯಾರೂ ತೊಳೆದು ನೋಡಲಿಲ್ಲ. ನೌಕರಿ ಮೊದಲು.

ಏಪ್ರಿಲ್ 14, ಭಾನುವಾರ

ಈಗ ಎಲ್ಲ ಪದ್ಧತಿಯ ಪ್ರಕಾರ ನಡೆದಿದೆ. ಶನಿವಾರ ಹಕ್ಕಿ ತರುವುದು, ತೂತು ಹೊಡೆದ ಊಟದ ಡಬ್ಬಿಯಲ್ಲಿ ಇಡುವುದು, ಭಾನುವಾರ ಬೆಳಗಾಗುವ ಮೊದಲು ಕಾಡಿಗೆ ಒಯ್ಯುವುದು. ನಿನ್ನೆ ಗಂಗುಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ರೀ, ನಿಮ್ಮ ಡಬ್ಬಿ ಮಾತಾಡಾಕತ್ತೈತಿ."

"ಆಫೀಸಿಂದು" ಎಂದೆ.

"ನಾ ಏನೇನೋ ತಿಳ್ಕೊಂಡಿದ್ದೆ. ಹೊತ್ತು ಮೂಡೋದ್ರಾಗ ಎದ್ದು ಹೋಗ್ತಾರ, ಯಾರರ ಇದ್ದಾಳೇನೋ ಅಂತ. ಆದ್ರ ಕನ್ನಡಿ ಸುದ್ದಾ ನೋಡ್ದ ಹೋಗ್ತೀರಿ. ಹಂಗ ಹೋಗೋ ಗಂಡಸಿನ್ನ ಯಾವಾಕಿ ಕರಕೋತಾಳು, ಬಿಡ್ರಿ."

ಹಕ್ಕಿ ಬಿಟ್ಟ ಮೇಲೆ ಬಸ್ಸು ಬರುವತನಕ ಅಲ್ಲೇ ಕಲ್ಲಿನ ಮೇಲೆ ಕೂಡಬೇಕಾಗುತ್ತದೆ. ಬೇರೆ ಕೆಲಸವಿಲ್ಲದ್ದರಿಂದ ನೋಡುತ್ತೇನೆ, ಅಷ್ಟೆ. ಇಂದು ಕಂದು ಮುನಿಯಾಗಳ ಒಂದು ಹಿಂಡು ಒಣಹುಲ್ಲಿನ ಕಡ್ಡಿಗಳ ಮೇಲೆ ಒತ್ತೊತ್ತಾಗಿ ಕುಳಿತಿತ್ತು. ನಾನು ಬಿಟ್ಟ ಬಂಗಾರದ್ದು ಹೋಗಿ ಪಕ್ಕದಲ್ಲಿ ಕುಳಿತುಕೊಂಡಿತು. ಅವು ಎದ್ದು ಬೇರೆ ಕಡ್ಡಿಗೆ ಹೋದವು. ಇದು ಅಲ್ಲಿಗೂ ಹೋಯಿತು. ಅವು ಮತ್ತೆ ಎದ್ದವು. ಬಸ್ಸು ಬರುವ ತನಕ ಇದೇ ನಡೆಯಿತು. ಮಿಸ್ ಡಿಮೆಲ್ಲೊ ಬಂದ ಮೇಲೆ ಆಫೀಸಿನ ಕ್ಯಾಂಟೀನಿನಲ್ಲಿ ನಾನು ಕುಳಿತ ಬೆಂಚಿನಿಂದಲೂ ಜನ ಹೀಗೆಯೇ ಏಳುತ್ತಾರೆ.

ಇದನ್ನು ಏಕೆ ಬರೆದೆನೋ. ಬಸ್ಸು ತುಂಬಿತ್ತು, ಅದನ್ನು ಬರೆಯಬೇಕಿತ್ತು.

ಮೇ 5, ಭಾನುವಾರ

ಎಲ್ಲರೂ ನೋಡುತ್ತಿದ್ದಂತೆ ಬಿಜ್ಜು ಎಂಬ ಬೇಟೆ ಹಕ್ಕಿ ಮೇಲಿನಿಂದ ಬಂದು ಬಂಗಾರದ ಮುನಿಯಾವನ್ನು ಎತ್ತಿಕೊಂಡು ಹೋಯಿತು. ಪಕ್ಕದ ಕಂದು ಹಕ್ಕಿಗಳು ಹುಲ್ಲಿನ ಬಣ್ಣದಲ್ಲೇ ಕರಗಿಹೋದವು, ಇದಕ್ಕೆ ಅಡಗಲು ಜಾಗವೇ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಒಂದೇ ಟಿಕೇಟಿನಲ್ಲಿ ಎರಡು ಹಕ್ಕಿ ಎಂದು ಯಾರೋ ಅಂದರು.

ಊಟ ಸೇರಲಿಲ್ಲ. ಬಿಸಿಲು ಜಾಸ್ತಿ, ಅದಕ್ಕೇ ಇರಬೇಕು.

ಮೇ 10, ಶುಕ್ರವಾರ

ರೈಲ್ವೆ ಮುಷ್ಕರ. ಲೋಕಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಕಾಂದಿವಲಿ ಸ್ಟೇಷನ್ನಿನಲ್ಲಿ ಪೊಲೀಸರೇ ಪ್ರಯಾಣಿಕರಿಗಿಂತ ಹೆಚ್ಚು. ಬಾಂದ್ರಾ ಮುಟ್ಟುವಂತಿಲ್ಲ, ಮನೆಯಲ್ಲಿ ಕುಳಿತರೆ ಗಂಗುಬಾಯಿ ಅಕ್ಕಿ ಆರಿಸಲು ಹಚ್ಚುತ್ತಾಳೆ. ಕಾಡಿಗೆ ನಡೆದುಕೊಂಡು ಹೋಗಿ ಬಂದೆ. ಭಾನುವಾರದ ಜಾಗ ನೋಡಿಟ್ಟುಕೊಳ್ಳಬೇಕಲ್ಲ.

ಮೇ 13, ಸೋಮವಾರ

ಇಂದೂ ಹೋಗಿದ್ದೆ. ಕುಟ್ರುಹಕ್ಕಿ ಕೂಗುವಾಗ ಬಾಯಿ ತೆರೆಯುವುದಿಲ್ಲ, ಗಂಟಲು ಮಾತ್ರ ಉಬ್ಬುತ್ತದೆ. ಬಾಯಿ ತೆರೆಯದೆ ಇಡೀ ಕಾಡಿಗೆ ಕೇಳಿಸುವುದು ಹೇಗೋ!

ಮೇ 16, ಗುರುವಾರ

ಪೈಪಿನಿಂದ ನೀರು ಸೋರಿ ಒಂದು ಗುಂಡಿ ಆಗಿದೆ. ಅಲ್ಲಿ ನಮ್ಮದೊಂದು ಮುನಿಯಾ ಕಂಡಿತು. ಯಾವ ಭಾನುವಾರದ್ದೋ, ಬಿಜ್ಜುವಿನ ಕೈಗೆ ಸಿಗದೆ ಉಳಿದಿದೆ. ಗುಂಡಿಗಿಳಿದು ರೆಕ್ಕೆ ಬಡಿದು ಮೀಯುತ್ತಿತ್ತು. ನೀರು ಸ್ವಲ್ಪ ಹಳದಿಯಾಯಿತು. ಮೇಲೆ ಬಂದು ಮೈ ಕೊಡವಿ, ಒಣಗಿಸಿಕೊಂಡು, ಮತ್ತೆ ಇಳಿಯಿತು. ನಾಲ್ಕು ಸಲ ಮಿಂದಿತು. ನಮ್ಮ ಮಠದ ಸ್ವಾಮಿಗಳೂ ಅಷ್ಟು ಮೀಯುವುದಿಲ್ಲ.

ಮೇ 21, ಮಂಗಳವಾರ

ಅದರ ಬಣ್ಣ ಬಹುತೇಕ ಹೋಗಿದೆ. ಬಾಲದ ಕೆಳಗೆ ಮಾತ್ರ ಚೂರು ಹಳದಿ. ಇಂದು ಅದು ಹಿಂಡಿನ ನಡುವೆ, ಎರಡು ಹಕ್ಕಿಗಳ ಸಂದಿಯಲ್ಲಿ, ಭುಜಕ್ಕೆ ಭುಜ ತಾಗಿಸಿ ಕುಳಿತಿತ್ತು. ಯಾವುದೂ ಏಳಲಿಲ್ಲ.

ನನಗೆ ತುಂಬಾ ಸಂತೋಷವಾಯಿತು. ದಾರಿಯಲ್ಲಿ ಗಂಗುಬಾಯಿಗೆಂದು ನೇರಳೆ ಹಣ್ಣು ತಂದೆ. ಅವಳು ಹಣ್ಣನ್ನೂ ನನ್ನನ್ನೂ ಅನುಮಾನದಿಂದ ನೋಡಿದಳು.

ಮೇ 27, ಸೋಮವಾರ

ಮುಷ್ಕರ ಮುಗಿಯಿತು. ನವರಂಗ ಹಕ್ಕಿ ಬಂದಿದೆ! ಮಳೆಗೆ ಸ್ವಲ್ಪ ಮುಂಚೆ ದೂರದಿಂದ ಬರುತ್ತದಂತೆ. ಮೊನ್ನೆ ಒಣ ಎಲೆ ತಿರುವಿ ಹಾಕುತ್ತ ನೆಲದ ಮೇಲೆ ಓಡಾಡುತ್ತಿತ್ತು. ಹಸಿರು, ನೀಲಿ, ಹೊಟ್ಟೆಯ ಕೆಳಗೆ ಕುಂಕುಮ, ಇಷ್ಟೂ ಯಾರೂ ಹಚ್ಚದ ಬಣ್ಣ. ನಿನ್ನೆ ಟೂರಿನ ಜನಕ್ಕೆ ಅದೇ ಜಾಗದಲ್ಲಿ ತೋರಿಸಲು ಹೋದೆ. "ಇದು ಪುಸ್ತಕದಲ್ಲಿ ಇದೆ, ಮುಂದೆ ನಡೆಯಿರಿ" ಎಂದರು ಡಾಕ್ಟರ್ ಫಡಕೆ.

ಜೂನ್ 1, ಶನಿವಾರ

ಸೇಠರು ಕರೆಸಿದ್ದರು. ನಾಳೆ ದೊಡ್ಡ ಹೋಟೆಲಿನ ಜರ್ಮನ್ ಪ್ರವಾಸಿಗಳು ಬರುತ್ತಾರೆ, ಕ್ಯಾಮೆರಾ ತರುತ್ತಾರೆ, ತಾವೂ ಬರುತ್ತೇನೆ ಎಂದರು. ಅವರಿಗೆ ಮುನಿಯಾ ಕಂಡರೆ ನನ್ನ ನೌಕರಿ ಖಾಯಂ. ಅಷ್ಟೇ ಅಲ್ಲ, ಸಿಟಿ ಬಸ್ಸೂ ವಾಪಸು. "ಮೈಕ್ ಫಿರ್ ಆಪ್‌ಕಾ."

ಮೈಕ್! ಹೊರಗೆ ಬಂದಾಗ ಕಾಲು ನೆಲದ ಮೇಲೆ ಇರಲಿಲ್ಲ. ಧಾರಾವಿಗೆ ಹೋಗಿ, ಎರಡು ಸಲ ಅದ್ದಿದ ಹಕ್ಕಿ ಬೇಕು ಎಂದು ಹೇಳಿ ತಂದೆ. ಮಕ್ತುಮಸಾಬ ಅದನ್ನು ಕೊಡುವಾಗ, "ರಾಯರ, ಜರಾ ಗಾಳಿ ಆಡೋಹಂಗ ಇಡ್ರೀ. ಎರಡು ಸಲ ಅದ್ದಿದ್ದು ಬಹಳ ದಿನ ಬಾಳಾಂಗಿಲ್ಲ" ಎಂದ. ಒಂದು ದಿನ ಬಾಳಿದರೆ ಸಾಕು ಎಂದೆ.

ಡಬ್ಬಿ ಇಂದು ಮಾತಾಡುತ್ತಿಲ್ಲ. ಗಂಗುಬಾಯಿ ಸುಮ್ಮನೆ ಮುಚ್ಚಳ ತೆಗೆದು ನೋಡಿ, ಮುಚ್ಚಿದಳು.

ಜೂನ್ 2, ಭಾನುವಾರ

ಏನಾಯಿತೆಂದು ಕ್ರಮವಾಗಿ ಬರೆಯುತ್ತೇನೆ. ನನಗೇ ಪೂರ್ತಿ ತಿಳಿದಿಲ್ಲ.

ಬೆಳಿಗ್ಗೆ ಪೊದೆಯ ಹತ್ತಿರ ಡಬ್ಬಿ ತೆಗೆದೆ. ಹಕ್ಕಿ ಹೊರಗೆ ಬರಲಿಲ್ಲ. ಕೈಗೆ ತೆಗೆದುಕೊಂಡೆ. ಬಣ್ಣ ಗಟ್ಟಿಯಾಗಿ ರೆಕ್ಕೆಯ ಗರಿಗಳು ಒಂದಕ್ಕೊಂದು ಅಂಟಿದ್ದವು. ಕೊಕ್ಕಿನಿಂದ ಬಿಡಿಸಿಕೊಳ್ಳಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಹಿಂಡು ಕುಳಿತಿತ್ತು. ಬಸ್ಸು ಬರಲು ಇನ್ನೂ ಹೊತ್ತಿತ್ತು. ರೆಕ್ಕೆ ಅಷ್ಟೇ ಸಡಿಲ ಮಾಡೋಣ, ಬಣ್ಣ ಇರಲಿ ಎಂದು ಗುಂಡಿಯ ಹತ್ತಿರ ಒಯ್ದು ಬೆರಳಿನಿಂದ ನೀರು ಹಚ್ಚಿದೆ. ರೆಕ್ಕೆ ಬಿಟ್ಟಿತು. ಆದರೆ ಬೆನ್ನೂ ಅಂಟಿತ್ತು. ಬೆನ್ನು ತೊಳೆದೆ. ಆಮೇಲೆ ಹೊಟ್ಟೆ. ಒಂದು ಕಡೆ ತೊಳೆದು ಇನ್ನೊಂದು ಕಡೆ ಬಿಡುವುದು ಹೇಗೆ? ಗಂಗುಬಾಯಿ ಕಟ್ಟಿಕೊಟ್ಟ ಕುಡಿಯುವ ನೀರೂ ಖಾಲಿಯಾಯಿತು. ಅದು ನನ್ನ ಬೆರಳು ಕಚ್ಚಿತು. ಒಳ್ಳೆಯದು, ಜೀವ ಇದೆ ಎಂದುಕೊಂಡೆ. ಧೋತರದಿಂದ ಒರೆಸಿ, ಬಿಸಿಲು ಬಿದ್ದ ಟೊಂಗೆಯ ಮೇಲೆ ಕೂರಿಸಿದೆ.

ತಿರುಗಿ ನೋಡಿದರೆ ಸೇಠರು, ಡಾಕ್ಟರ್ ಫಡಕೆ, ಕ್ಯಾಮೆರಾ ಹಿಡಿದ ಜರ್ಮನರು. ನನ್ನ ಎರಡೂ ಕೈ ಮೊಣಕೈತನಕ ಹಳದಿ.

"ಎಲ್ಲಿದೆ ಗೋಲ್ಡನ್ ಮುನಿಯಾ?" ಎಂದರು ಡಾಕ್ಟರು.

ಹದಿನೆಂಟು ವರ್ಷ ಮಾತೇ ನನ್ನ ಅನ್ನ. ಈಗಷ್ಟೇ ಆ ಕಡೆ ಹಾರಿತು ಎಂದಿದ್ದರೆ ಸಾಕಿತ್ತು. ಮೈಕ್ ನನ್ನದಾಗುತ್ತಿತ್ತು. ನಾನು ಟೊಂಗೆ ತೋರಿಸಿ, "ಇದೇ. ಬಣ್ಣ ಹಚ್ಚಿದ್ದು, ನಾನೇ ತರ್ತಿದ್ದೆ. ಈಗ ತೊಳೆದೆ" ಎಂದೆ.

ಡಾಕ್ಟರ್ ಫಡಕೆ ನಕ್ಕರು. "ನಾನ್ಸೆನ್ಸ್! ಇದು ಬಿಳಿಗಂಟಲಿನ ಮಾಮೂಲಿ ಮುನಿಯಾ. ಗೋಲ್ಡನ್ ಬೇರೆ. ನಾನು ಅದರ ಬಗ್ಗೆ ಪೇಪರಿನಲ್ಲಿ ಬರೆದಿದ್ದೇನೆ!" ನನ್ನ ಕೈ ತೋರಿಸಿದೆ. ಅರಿಶಿನ ಎಂದರು. ಜರ್ಮನರಿಗೆ ನನ್ನನ್ನು ತೋರಿಸಿ, ಈತನಿಗೆ ಬಿಸಿಲು ತಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ಗೋಲ್ಡನ್ ಮುನಿಯಾ ಹುಡುಕುತ್ತ ಮುಂದೆ ಹೋದರು. ಟೊಂಗೆಯ ಮೇಲಿನದರ ಕಡೆಗೆ ಒಂದು ಕ್ಯಾಮೆರಾ ಕೂಡ ಏಳಲಿಲ್ಲ. ಅದು ಒಣಗಿ, ಹಾರಿ, ಹಿಂಡಿಗೆ ಸೇರಿತು.

ಸೇಠರು ಮಾತ್ರ ಹಿಂದೆ ಉಳಿದರು. ಅವರು ನನ್ನ ಮಾತು ನಂಬಿದ್ದರು. "ಆಪ್‌ಕಾ ಕಾಮ್ ಪಂಛೀ ದಿಖಾನೇ ಕಾ ಥಾ, ನಹಲಾನೇ ಕಾ ನಹೀಂ. ಕಲ್ ಸೇ ಮತ್ ಆನಾ." ಅಂದರೆ ನನ್ನ ಕೆಲಸ ಹಕ್ಕಿ ತೋರಿಸುವುದಿತ್ತು, ಮೀಯಿಸುವುದಲ್ಲ, ನಾಳೆಯಿಂದ ಬರಬೇಡ.

ಸುಳ್ಳು ಹೇಳಿದಷ್ಟು ದಿನ ಚಹಾ ತರಿಸಿದರು, ನಿಜ ಹೇಳಿದ ದಿನ ಬಿಡಿಸಿದರು. ಮಳೆ ಇನ್ನೂ ಬಂದಿಲ್ಲ.

ಜೂನ್ 3, ಸೋಮವಾರ

ಗಂಗುಬಾಯಿಗೆ ಹೇಳಿದೆ. ಮೈಕ್ ಹೋದದ್ದರಿಂದ ಹಿಡಿದು ಎಲ್ಲ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಮೈಕ್ ಹೋಗಿದ್ದು ನನಗ ಆವಾಗಲೇ ಗೊತ್ತಾತು. ಮನ್ಯಾಗ ಮಾತು ಕಮ್ಮಿ ಮಾಡಿದ್ರಲ್ಲ" ಎಂದಳು. ಆಮೇಲೆ ಅತ್ತಳು. ನನಗೂ ತಡೆಯಲಾಗಲಿಲ್ಲ.

ಜೂನ್ 8, ಶನಿವಾರ

ಕಾಂದಿವಲಿಯ ಕಾರ್ಖಾನೆಗಳಲ್ಲಿ ಕೇಳುತ್ತಿದ್ದೇನೆ. ಒಂದು ಕಡೆ ಗೇಟಿನ ಹತ್ತಿರ ಕುಳಿತು ಒಳಗೆ ಹೋಗುವವರನ್ನು ನೋಡುವ ಕೆಲಸ ಇದೆ, ಆದರೆ ಸುಮ್ಮನೆ ಕೂಡುವ ಅಭ್ಯಾಸ ಇರಬೇಕು ಎಂದರು. ಇದೆ ಎಂದೆ. ನೋಡೋಣ ಎಂದರು.

ಮಕ್ತುಮಸಾಬ ಸಿಕ್ಕಿದ್ದ. ಸೇಠರ ಮನುಷ್ಯ ಅವನ ಹತ್ತಿರ ಹೋಗಿದ್ದನಂತೆ. ಈ ಸಲ ಕೆಂಪು ಬೇಕಂತೆ. "ನೀವು ತೊಳ್ದದ್ದು ಬದುಕೇತೇನ್ರೀ?" ಎಂದು ಕೇಳಿದ. ಬದುಕಿದೆ ಎಂದೆ. "ಹಂಗಾದ್ರ ಪುಣ್ಯ ನಿಮಗ ಬಂತು. ನನ್ನ ಗಿರಾಕಿಗೋಳಿಗೆ ಹೇಳಬ್ಯಾಡ್ರೀ ಮತ್ತ" ಎಂದು ನಕ್ಕ.

ಜೂನ್ 16, ಭಾನುವಾರ

ಮಳೆ ಬಂತು. ಗಂಗುಬಾಯಿ ನಾನೂ ಬರ್ತೀನಿ ಎಂದು ಛತ್ರಿ ಹಿಡಿದು ಹೊರಟಳು. ಕಾಡಿನ ಗೇಟಿನಿಂದ ಗುಂಡಿಯತನಕ ಅವಳ ಮಾತು ನಿಲ್ಲಲಿಲ್ಲ. ನಾನು ತುಟಿಗೆ ಬೆರಳಿಟ್ಟು "ಶ್ಶ್" ಎಂದೆ.

"ಇಷ್ಟು ವರ್ಷ ನನಗ ಒಂದು ಮಾತು ಆಡಗೊಡಲಿಲ್ಲ, ಈಗ ಆಡಿದ್ರ ಶ್ಶ್ ಅಂತೀರಿ" ಎಂದಳು. ಆದರೆ ಸುಮ್ಮನಾದಳು.

ಹಿಂಡು ಹುಲ್ಲಿನ ಮೇಲೆ ಮಳೆಯಲ್ಲಿ ಮುದುಡಿ ಕುಳಿತಿತ್ತು. ಅಷ್ಟರಲ್ಲಿ ಕಂಪನಿಯ ಜನ ಬಂದರು. ಮುಂದೆ ಹೊಸ ಗೈಡು, ಹಿಂದೆ ಟೋಪಿಯಿಂದ ನೀರು ಸುರಿಸುತ್ತ ಡಾಕ್ಟರ್ ಫಡಕೆ. ಹಿಂಡನ್ನು ಒಂದು ಕ್ಷಣ ನೋಡಿ, ಇಲ್ಲಿ ಏನೂ ಇಲ್ಲ ಎಂದು ಮುಂದೆ ನಡೆದರು.

ಗಂಗುಬಾಯಿ ಬಗ್ಗಿ ನನ್ನ ಕಿವಿಯಲ್ಲಿ, "ಇದರಾಗ ನೀವು ತೊಳದದ್ದು ಯಾವುದ್ರೀ?" ಎಂದಳು.

ಬಹಳ ಹೊತ್ತು ನೋಡಿದೆ. "ಗೊತ್ತಾಗವಲ್ದು" ಎಂದೆ.

"ಚಲೋ ಆತು ಬಿಡ್ರಿ" ಎಂದಳು.

ಮನೆಗೆ ಬಂದು ಒದ್ದೆ ಸೀರೆ ಹಿಂಡುತ್ತ, ನಾಳೆ ಎಷ್ಟಕ್ಕ ಏಳಬೇಕು ಎಂದು ಕೇಳಿದಳು. ಕಾರ್ಖಾನೆಯವರು ಹತ್ತು ಗಂಟೆಗೆ ಬರಲು ಹೇಳಿದ್ದಾರೆ, ಎಂಟಕ್ಕೆ ಎದ್ದರೂ ನಡೆಯುತ್ತದೆ ಎಂದೆ.

"ಅದಕ್ಕಲ್ಲರೀ" ಎಂದಳು.